ನಮ್ಮನೆ ಲಾನ್: ಹುಲ್ಲಿಗಿಂತ ಮೊದ್ಲು ಮಣ್ಣು

ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ ನಮ್ಮನೆ ಮುಂದೆ 12 ಅಡಿಗೆ 16 ಅಡಿ, ಅಂದ್ರೆ ಹೆಚ್ಚುಕಮ್ಮಿ 200 ಚದರಡಿ ಲಾನ್ ಇದೆ. ಬೇಸಿಗೇಲಿ ಸಾಯಲ್ಲ, ಮಳೆಗಾಲದಲ್ಲಿ ಕೊಳೆಯಲ್ಲ, ಅದಕ್ಕೇ ಏನೋ ವಾಕಿಂಗ್ ಹೋಗೋರು ಗೇಟ್ ಹತ್ರ ನಿಂತು ಯಾವ ಹುಲ್ಲು ಸಾರ್ ಇದು, ಯಾವ ಗೊಬ್ಬರ ಹಾಕ್ತೀರಿ, ದಿನಕ್ಕೆ ಎಷ್ಟು ಸಲ ನೀರು ಬಿಡ್ತೀರಿ ಅಂತ ಕೇಳ್ತಾರೆ. ನಾನು ಎಲ್ರಿಗೂ ಹೇಳೋದು ಒಂದೇ ಮಾತು, ಹುಲ್ಲು ತರೋಕೆ ಮುಂಚೆ ನಿಮ್ಮ ಜಾಗದಲ್ಲಿ ಒಂದಡಿ ಆಳದ ಗುಂಡಿ ತೆಗೆದು ಒಳಗೆ ಏನಿದೆ ನೋಡಿ ಅಂತ. ಬೇರು ಅರ್ಧ ಅಡಿ ಕೆಳಕ್ಕೆ ಇಳಿಯೋಕೆ ದಾರಿ ಇದ್ರೆ ನೀರು ಕಮ್ಮಿ ಸಾಕು, ಗೊಬ್ಬರ ಕಮ್ಮಿ ಸಾಕು, ಕಳೆಯೂ ಕಮ್ಮಿ. ದಾರಿ ಇಲ್ಲ ಅಂದ್ರೆ ದಿನಾ ನೀರು ಹೊಯ್ದು ಹೊಯ್ದು ಸುಸ್ತಾಗ್ತೀರಿ ಅಷ್ಟೇ.

ಬೆಂಗಳೂರಲ್ಲಿ ಕಟ್ಟಿದ ಮನೆಗಳ ಮುಂದೆ ಮೇಲಿಂದ ನೋಡಿದ್ರೆ ಚೆಂದದ ಕೆಮ್ಮಣ್ಣೇ ಕಾಣತ್ತೆ. ಪಿಕಾಸಿ ಹಾಕಿದಾಗ ನಿಜ ಗೊತ್ತಾಗೋದು. ನಮ್ಮಲ್ಲಿ ಮೇಲೆ ಮೂರ್ನಾಲ್ಕು ಇಂಚು ತುಂಬಿಸಿದ ಮಣ್ಣು, ಅದ್ರ ಕೆಳಗೆ ಒಡೆದ ಇಟ್ಟಿಗೆ, ಜಲ್ಲಿ, ಟೈಲ್ಸ್ ಚೂರು, ಕಂಬಿ ಕಟ್ಟೋ ವೈರು, ಆಮೇಲೆ ಒಂದು ಮೂಲೇಲಿ ಕಾಂಕ್ರೀಟ್ ಕಲಸಿದ ಜಾಗ ಇರ್ಬೇಕು, ಅಲ್ಲಿ ಬೂದು ಬಣ್ಣದ ಗಟ್ಟಿ ಪದರ, ಪಿಕಾಸಿ ಏಟಿಗೆ ಠಣ್ ಅಂತ ಸದ್ದು ಬರೋದು. ಆ ಪದರ ತೆಗೀಲೇಬೇಕು. ಸಿಮೆಂಟ್ ಇದ್ದ ಕಡೆ ಮಣ್ಣು ಕ್ಷಾರ ಆಗತ್ತೆ, ಆಗ ಮಣ್ಣಲ್ಲಿ ಕಬ್ಬಿಣದ ಅಂಶ ಇದ್ರೂ ಬೇರಿಗೆ ಸಿಗಲ್ಲ, ಹುಲ್ಲು ಹಳದಿಗೆ ತಿರುಗತ್ತೆ, ಜನ ಯೂರಿಯಾ ಕಮ್ಮಿ ಆಯ್ತು ಅನ್ಕೊಂಡು ಇನ್ನಷ್ಟು ಯೂರಿಯಾ ಸುರೀತಾರೆ, ಅದ್ರಿಂದ ಏನೂ ಪ್ರಯೋಜನ ಇಲ್ಲ. ಅನುಮಾನ ಇದ್ರೆ ಮಣ್ಣು ಪರೀಕ್ಷೆ ಮಾಡಿಸ್ಬಿಡಿ, ಜಿಕೆವಿಕೆ ಅಂದ್ರೆ ಕೃಷಿ ವಿಶ್ವವಿದ್ಯಾಲಯದಲ್ಲಿ ಮಾಡ್ಕೊಡ್ತಾರೆ, ನಮ್ಮ ಕಡೆಯೋರಿಗಂತೂ ಹತ್ರಾನೇ.

ಇನ್ನೊಂದು ಪರೀಕ್ಷೆಗೆ ಕಾಸೂ ಬೇಡ. ಅದೇ ಗುಂಡಿಗೆ ಒಂದ್ಸಲ ನೀರು ತುಂಬಿಸಿ ಇಂಗೋಕೆ ಬಿಟ್ಟು, ಮತ್ತೆ ತುಂಬಿಸಿ ನೋಡಿ. ಕೆಲವು ಗಂಟೇಲಿ ಇಂಗಿದ್ರೆ ಚಿಂತೆ ಇಲ್ಲ, ಮಾರನೇ ದಿನವೂ ನೀರು ನಿಂತಿದ್ರೆ ಕೆಳಗೆ ಗಟ್ಟಿ ಪದರ ಇದೆ ಅಂತ ಅರ್ಥ, ಅದನ್ನ ಒಡೀದೆ ಮೇಲೆ ಎಂಥ ಹುಲ್ಲು ಹಾಸಿದ್ರೂ ಸೆಪ್ಟೆಂಬರ್ ಅಕ್ಟೋಬರ್ ಮಳೇಲಿ ಬೇರು ಕೊಳೆಯತ್ತೆ. ಬೆಂಗಳೂರಿಗೆ ಜೋರು ಮಳೆ ಬರೋದೇ ಆ ತಿಂಗಳುಗಳಲ್ಲಿ, ನೈಋತ್ಯ ಮಾನ್ಸೂನ್ ಮುಗೀತಾ ಬಂದು ಹಿಂಗಾರು ಶುರು ಆಗೋ ಹೊತ್ತಲ್ಲಿ. ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಮಳೆ ನಿಂತ ಸ್ವಲ್ಪ ಹೊತ್ತಿಗೇ ಮ್ಯಾಚ್ ಶುರು ಆಗತ್ತಲ್ಲ, ಅದೂ ನೆಲದ ಕೆಳಗಿನ ಕೆಲಸಾನೇ, ಮರಳಿನ ಔಟ್‌ಫೀಲ್ಡ್ ಮಾಡಿ 2017ರಲ್ಲಿ ಸಬ್‌ಏರ್ ಅಂತ ಸಿಸ್ಟಮ್ ಹಾಕಿದ್ರು, ಅದು ಕೆಳಗಿಂದ ನೀರು ಎಳ್ಕೊಳ್ಳತ್ತೆ. ಮನೆಗೆ ಅಷ್ಟೆಲ್ಲ ಬೇಡ, ಆದ್ರೆ ಮನೆ ಗೋಡೆಯಿಂದ ಆಚೆಗೆ 10 ಅಡಿಗೆ ಎರಡು ಇಂಚಿನಷ್ಟು ಇಳಿಜಾರು ಕೊಟ್ರೆ ನೀರು ಎಲ್ಲೂ ನಿಲ್ಲಲ್ಲ.

ಗುಂಡಿ ತೆಗೆದ ಮೇಲೆ ಒಂಬತ್ತು ಇಂಚಷ್ಟು ಮಣ್ಣು ಪೂರ್ತಿ ಅಗೆದು ಜರಡಿ ಹಿಡಿದೆ, ತುಂಬಾ ಬೇಜಾರಿನ ಕೆಲಸ, ಬೆನ್ನು ಹಿಡ್ಕೊಳ್ಳತ್ತೆ, ಆದ್ರೆ ಇದಕ್ಕೆ ಅಡ್ಡದಾರಿ ಇಲ್ಲ. ವಾಪಸ್ ತುಂಬಿದ್ದು ಕೆಮ್ಮಣ್ಣು ಎರಡು ಪಾಲು, ಮರಳು ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಜೊತೆಗೆ ಬೇವಿನ ಹಿಂಡಿ. ಈಗ ಹೊಳೆ ಮರಳು ಸಿಗೋದು ಕಷ್ಟ, ಎಂ ಸ್ಯಾಂಡ್ ತಗೊಳ್ಳೋದಾದ್ರೆ ಕಾಂಕ್ರೀಟಿಗೆ ಹಾಕೋ ದಪ್ಪದ್ದು ತಗೊಳ್ಳಿ, ಪ್ಲಾಸ್ಟರಿಂಗಿಗೆ ಬಳಸೋದು ಬೇಡ, ಅದ್ರ ನುಣ್ಣನೆ ಪುಡಿ ಮಣ್ಣಿನ ಸಂದೀನೆಲ್ಲ ಮುಚ್ಚಿಬಿಡತ್ತೆ. ಗೊಬ್ಬರ ಹಸಿ ಇರ್ಲೇಬಾರ್ದು. ಕೈಯಲ್ಲಿ ಹಿಡಿದ್ರೆ ಸಗಣಿ ವಾಸನೆ ಬರ್ಬಾರ್ದು, ಕಾಫಿ ಪುಡಿ ತರ ಉದುರ್ಬೇಕು. ಹಸಿ ಗೊಬ್ಬರದ ಜೊತೆ ಕಳೆ ಬೀಜ, ಬೇರು ತಿನ್ನೋ ಗೊಣ್ಣೆ ಹುಳು ಎಲ್ಲ ಫ್ರೀಯಾಗಿ ಮನೆಗೆ ಬರತ್ತೆ.

ತುಂಬಿದ ತಕ್ಷಣ ಹುಲ್ಲು ನೆಡೋಕೆ ಹೋಗ್ಬೇಡಿ. ಮಣ್ಣು ಸಮ ಮಾಡಿ ನೀರು ಹಾಕಿ ಎರಡು ವಾರ ಸುಮ್ನೆ ಬಿಡಿ, ಒಳಗಿದ್ದ ಕಳೆ ಎಲ್ಲ ಮೇಲೆ ಬರತ್ತೆ, ಕಾಂಗ್ರೆಸ್ ಗಿಡ, ಮುಟ್ಟಿದರೆ ಮುನಿ, ನೆಲನೆಲ್ಲಿ, ಎಲ್ಲಕ್ಕಿಂತ ಮುಖ್ಯವಾಗಿ ಜೇಕು. ಕಿತ್ತು ಹಾಕಿ, ಮತ್ತೆ ನೀರು ಹಾಕಿ, ಮತ್ತೆ ಬರತ್ತೆ, ಮತ್ತೆ ಕೀಳಿ. ಜೇಕಿನ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ ಯಾಕಂದ್ರೆ ಬೆಂಗಳೂರಲ್ಲಿ ಲಾನ್ ಹಾಳು ಮಾಡೋದ್ರಲ್ಲಿ ಅದಕ್ಕೇ ಮೊದಲ ಸ್ಥಾನ. ಎಲೆ ನೋಡಕ್ಕೆ ಹುಲ್ಲಿನ ತರಾನೇ, ಆದ್ರೆ ಬುಡದ ಕಾಂಡ ಬೆರಳಲ್ಲಿ ಹೊರಳಿಸಿದ್ರೆ ಮೂರು ಮೂಲೆ ಗೊತ್ತಾಗತ್ತೆ, ಹುಲ್ಲಿಗೆ ಹಾಗಿರಲ್ಲ. ಎಲೆ ಹಿಡಿದು ಎಳೆದ್ರೆ ಅಷ್ಟೇ ಕಿತ್ತು ಬರತ್ತೆ, ಕೆಳಗೆ ಕಪ್ಪು ಸಿಪ್ಪೆಯ ಗಡ್ಡೆ ಉಳ್ಕೊಳ್ಳತ್ತೆ, ಆ ಗಡ್ಡೆಯಿಂದ ದಾರದಂಥ ಬೇರು ಹೋಗಿ ಇನ್ನೊಂದು ಗಡ್ಡೆ, ಅಲ್ಲಿಂದ ಮತ್ತೊಂದು. ಅದಕ್ಕೆ ಒಣ ಮಣ್ಣಲ್ಲಿ ಜೇಕಿಗೆ ಕೈ ಹಾಕ್ಬಾರ್ದು, ಮಳೆ ಬಂದ ಮಾರನೇ ದಿನ ಕುರ್ಪಿ ಓರೆಯಾಗಿ ಆಳಕ್ಕೆ ಚುಚ್ಚಿ ಮೀಟಿ ಸರ ಪೂರ್ತಿ ಎತ್ಬೇಕು. ಕಿತ್ತಿದ್ದನ್ನ ಕಾಂಪೋಸ್ಟಿಗೆ ಹಾಕ್ಬೇಡಿ, ಗಡ್ಡೆ ಅಲ್ಲೂ ಬದುಕತ್ತೆ. ನೆಡೋ ಮುಂಚೆ ಮೈದಾನ ಖಾಲಿ ಇರುವಾಗ ಈ ಕೆಲಸ ಸುಲಭ, ಹುಲ್ಲು ಹೆಣೆದ್ಕೊಂಡ ಮೇಲೆ ಒಂದೊಂದು ಗಡ್ಡೆಗೂ ಕಾದಾಡ್ಬೇಕು.

ಇನ್ನು ಹುಲ್ಲು. ನರ್ಸರೀಲಿ ಹೇಳೋ ಹೆಸರು ಮುಖ್ಯವಾಗಿ ಮೆಕ್ಸಿಕನ್, ಕೊರಿಯನ್ ಕಾರ್ಪೆಟ್, ಬರ್ಮುಡಾ, ಬಫೆಲೋ. ಮೆಕ್ಸಿಕನ್ ಮತ್ತೆ ಕೊರಿಯನ್ ಎರಡೂ ಜೋಯ್ಸಿಯಾ ಜಾತಿ, ಕೊರಿಯನ್ ಎಲೆ ತುಂಬಾ ಸಣ್ಣ, ಗುಡ್ಡೆಗುಡ್ಡೆಯಾಗಿ ಉಬ್ಬತ್ತೆ, ನೋಡಕ್ಕೆ ಚೆಂದ ಆದ್ರೆ ತುಳಿದಾಡೋಕೆ ಅಲ್ಲ. ಬರ್ಮುಡಾ ಅಂದ್ರೆ ನಾವು ಗಣೇಶನಿಗೆ ಇಡೋ ಗರಿಕೆ ಜಾತಿಯೇ, ಗಟ್ಟಿಮುಟ್ಟು, ಮಕ್ಕಳು ಆಡಿದ್ರೂ ಬೇಗ ಸುಧಾರಿಸ್ಕೊಳ್ಳತ್ತೆ, ಆದ್ರೆ ಇಡೀ ದಿನ ಬಿಸಿಲು ಬೇಕು, ಬೇಗ ಬೇಗ ಕತ್ತರಿಸ್ಬೇಕು, ಪಕ್ಕದ ಹೂವಿನ ಪಾತಿಗೂ ನುಗ್ಗತ್ತೆ. ಬಫೆಲೋ ಎಲೆ ಅಗಲ, ಅರೆ ನೆರಳಲ್ಲೂ ಬರತ್ತೆ, ನೀರು ಜಾಸ್ತಿ ಬೇಕು. ನಾನು ಹಾಕಿದ್ದು ಮೆಕ್ಸಿಕನ್. ನಮ್ಮಲ್ಲಿ ಬೆಳಗ್ಗೆಯಿಂದ ಮಧ್ಯಾಹ್ನದ ತನಕ ಐದಾರು ಗಂಟೆ ನೇರ ಬಿಸಿಲು ಬೀಳತ್ತೆ, ಅದಕ್ಕೆ ಅಷ್ಟು ಸಾಕು, ನಿಧಾನಕ್ಕೆ ಬೆಳೆಯತ್ತೆ, ಒಮ್ಮೆ ದಟ್ಟ ಆದ್ರೆ ಕಳೆಗೆ ಜಾಗಾನೇ ಕೊಡಲ್ಲ. ಎಷ್ಟು ಗಂಟೆ ಬಿಸಿಲು ಅನ್ನೋದನ್ನ ಒಂದು ದಿನ ಮನೇಲಿ ಕೂತು ಗಂಟೆಗೊಂದ್ಸಲ ನೋಡಿ ಬರ್ಕೊಳ್ಳಿ, ಅಂದಾಜಿಗೆ ಬಿಡ್ಬೇಡಿ, ಪಕ್ಕದ ಸೈಟಲ್ಲಿ ಮೂರು ಮಹಡಿ ಎದ್ರೆ ಲೆಕ್ಕ ಪೂರ್ತಿ ಬದಲಾಗತ್ತೆ.

ಮ್ಯಾಟ್ ಹಾಸೋದಾ, ಬೇರು ಚುಚ್ಚೋದಾ ಅಂತ ತುಂಬಾ ಜನ ಕೇಳ್ತಾರೆ. ಮ್ಯಾಟ್ ಅಂದ್ರೆ ಮಣ್ಣಿನ ಸಮೇತ ಚಾಪೆ ತರ ಕತ್ತರಿಸಿ ಮಾರೋ ಹುಲ್ಲು, ಹಾಸಿದ ದಿನಾನೇ ಹಸಿರು ಕಾಣತ್ತೆ, ಆದ್ರೆ ತುಂಬಾ ಮ್ಯಾಟ್‌ಗಳ ಕೆಳಗೆ ಅಂಟಂಟು ಜೇಡಿ ಮಣ್ಣು ಇರತ್ತೆ, ನಮ್ಮ ಸಡಿಲ ಮಣ್ಣಿನ ಮೇಲೆ ಆ ಜೇಡಿ ಕೂತ್ರೆ ನೀರು ಅಲ್ಲೇ ನಿಲ್ಲತ್ತೆ, ಬೇರೂ ಅಲ್ಲೇ ಸುತ್ತತ್ತೆ. ನನಗೆ ಬೇರು ಚುಚ್ಚೋದೇ ಇಷ್ಟ. ಮ್ಯಾಟನ್ನೇ ತಂದು, ಬಕೆಟ್ ನೀರಲ್ಲಿ ಅದ್ದಿ ಜೇಡಿ ತೊಳೆದು, ಎರಡು ಮೂರು ಗಿಣ್ಣು ಇರೋ ಹಾಗೆ ಬಿಡಿಸಿ, ಮೂರಿಂಚಿಗೊಂದು ಅಂತ ನೆಟ್ಟೆ. ಒಂದು ಗಿಣ್ಣಾದ್ರೂ ಮಣ್ಣೊಳಗೆ ಹೋಗ್ಬೇಕು, ಬೇರು ಬರೋದು ಅಲ್ಲಿಂದ. ಜೂನಲ್ಲಿ ನೆಟ್ರೆ ಮಳೆಯೇ ಅರ್ಧ ಕೆಲಸ ಮಾಡತ್ತೆ, ಮೂರು ತಿಂಗಳಲ್ಲಿ ಮುಚ್ಕೊಳ್ಳತ್ತೆ, ಖರ್ಚೂ ಮ್ಯಾಟ್ ಹಾಸೋದಕ್ಕಿಂತ ಎಷ್ಟೋ ಕಮ್ಮಿ.

ನೀರಿನ ವಿಷಯಕ್ಕೆ ಬರ್ತೀನಿ. ದಿನಾ ಸಂಜೆ ಪೈಪ್ ಹಿಡ್ಕೊಂಡು ಹತ್ತು ನಿಮಿಷ ಚಿಮುಕಿಸೋದು ಹುಲ್ಲಿಗೆ ಮಾಡೋ ಅನ್ಯಾಯ. ಮೇಲಿನ ಅರ್ಧ ಇಂಚು ಒದ್ದೆ ಆಗತ್ತೆ, ಬೇರು ನೀರು ಇರೋ ಕಡೆಗೇ ಬರತ್ತೆ, ಮೇಲೇ ಉಳ್ಕೊಳ್ಳತ್ತೆ, ಎರಡು ದಿನ ನೀವು ಊರಿಗೆ ಹೋದ್ರೆ ಸುಟ್ಟು ಹೋಗತ್ತೆ. ರಾತ್ರಿ ಪೂರ್ತಿ ಎಲೆ ಒದ್ದೆ ಇದ್ರೆ ಫಂಗಸ್ ಬೇರೆ. ನಾನು ಬೆಳಗ್ಗೆ ಬೇಗ, ಬೇಸಿಗೇಲಿ ವಾರಕ್ಕೆ ಎರಡೇ ಸಲ, ಆದ್ರೆ ಆಳಕ್ಕೆ ಇಳಿಯೋವರೆಗೂ ಹಾಕ್ತೀನಿ. ಇಳಿದಿದೆಯಾ ಅಂತ ನೋಡೋಕೆ ಉದ್ದ ಸ್ಕ್ರೂಡ್ರೈವರ್ ಇಟ್ಕೊಂಡಿದೀನಿ, ನೀರು ಹಾಕಿ ಒಂದು ಗಂಟೆ ಬಿಟ್ಟು ಚುಚ್ಚಿದ್ರೆ ಒದ್ದೆ ಇರೋವರೆಗೂ ಸಲೀಸಾಗಿ ಹೋಗತ್ತೆ, ಒಣ ಮಣ್ಣು ಸಿಕ್ಕ ತಕ್ಷಣ ಗಕ್ಕನೆ ನಿಲ್ಲತ್ತೆ. ಐದಾರು ಇಂಚು ಹೋದ್ರೆ ನಲ್ಲಿ ಬಂದ್. ಮುಂದಿನ ನೀರು ಯಾವಾಗ ಅನ್ನೋದನ್ನ ಹುಲ್ಲೇ ಹೇಳತ್ತೆ, ನಡೆದು ಹೋದ ಮೇಲೆ ಹೆಜ್ಜೆ ಗುರುತು ಎದ್ದೇಳದೆ ಹಾಗೇ ಉಳಿದ್ರೆ, ಎಲೆ ಮಡಚ್ಕೊಂಡು ಬೂದುನೀಲಿ ಛಾಯೆ ಬಂದ್ರೆ ಅವತ್ತು ನೀರು ಬೇಕು.

ಲೆಕ್ಕ ಬೇಕಂದ್ರೆ ಹೀಗೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ನೀರು ಅಂದ್ರೆ ಒಂದು ಲೀಟರ್. ನಮ್ಮ 200 ಚದರಡಿ ಅಂದ್ರೆ 18 ಚದರ ಮೀಟರ್ ಚಿಲ್ಲರೆ, ವಾರಕ್ಕೆ 15 ಮಿಲಿಮೀಟರ್ ಕೊಟ್ರೆ 280 ಲೀಟರ್ ಹತ್ರ. 2024ರ ಮಾರ್ಚಲ್ಲಿ ಜಲಮಂಡಳಿಯವರು ಕುಡಿಯೋ ನೀರನ್ನ ಗಿಡಕ್ಕೆ, ಕಾರ್ ತೊಳೆಯೋಕೆ ಬಳಸಿದ್ರೆ 5000 ರೂಪಾಯಿ ದಂಡ ಅಂದಾಗ ಎಷ್ಟೋ ಜನ ಲಾನ್ ಕಿತ್ತು ಪೇವರ್ಸ್ ಹಾಕಿಸಿದ್ರು, ನಂಗೆ ಅದನ್ನ ನೋಡಿ ನಿಜವಾಗ್ಲೂ ಸಂಕಟ ಆಯ್ತು. ಆ ಏಪ್ರಿಲಲ್ಲಿ ಬಿಸಿಲು 38 ಡಿಗ್ರಿ ದಾಟಿತ್ತು. ಆ ಬೇಸಿಗೇಲಿ ಕಾವೇರಿ ನೀರು ಒಂದು ಹನಿ ಲಾನಿಗೆ ಹಾಕ್ಲಿಲ್ಲ, ವಾಷಿಂಗ್ ಮಷೀನಿನ ಕೊನೇ ಜಾಲಾಡೋ ನೀರು ಮಾತ್ರ ಡ್ರಮ್ಮಿಗೆ ಹಿಡಿದು ಹಾಕ್ದೆ. ಮೊದಲ ಸೋಪು ನೀರು ಬೇಡ, ಅದ್ರಲ್ಲಿ ಸೋಡಿಯಂ ಜಾಸ್ತಿ, ಮಣ್ಣು ಬಿಗಿಯತ್ತೆ. ಆರ್‌ಓದಿಂದ ಹೊರಗೆ ಬರೋ ನೀರೂ ಅಷ್ಟೇ, ಉಪ್ಪಿನಂಶ ಇರತ್ತೆ, ಅದೊಂದನ್ನೇ ಹಾಕ್ತಾ ಹೋದ್ರೆ ಎಲೆ ತುದಿ ಸುಡತ್ತೆ. ಹುಲ್ಲು ಮೇ ಹೊತ್ತಿಗೆ ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು, ಆದ್ರೆ ಕೈಯಲ್ಲಿ ಕೆದಕಿ ನೋಡಿದ್ರೆ ನೆಲಕ್ಕೆ ಅಂಟಿದ ಬಳ್ಳಿ ಹಸಿಯಾಗಿ ಬೆಳ್ಳಗಿತ್ತು, ಉಗುರಲ್ಲಿ ಚುಚ್ಚಿದ್ರೆ ರಸ ಬರೋದು. ಮಳೆ ಬಿದ್ದ ಮೇಲೆ ಪೂರ್ತಿ ವಾಪಸ್ ಬಂತು. ಒಣಗಿದ ಬಣ್ಣ ಬೇರೆ, ಸತ್ತಿದ್ದು ಬೇರೆ, ಕಿತ್ತು ಹಾಕೋ ಮುಂಚೆ ದಯವಿಟ್ಟು ಬಳ್ಳಿ ನೋಡಿ. ಮಳೆನೀರು ಸಂಗ್ರಹದ ತೊಟ್ಟಿ ಇದ್ರೆ ಇನ್ನೂ ಒಳ್ಳೇದು, 1000 ಚದರಡಿ ತಾರಸಿ ಮೇಲೆ 20 ಮಿಲಿಮೀಟರ್ ಮಳೆ ಬಿದ್ರೆ ಸೋರಿ ಆವಿ ಆಗಿ ಹೋಗಿದ್ದು ಬಿಟ್ಟು 1500 ಲೀಟರ್ ಸಿಗತ್ತೆ, ನಮ್ಮ ಲಾನಿಗೆ ಅದು ಒಂದು ತಿಂಗಳ ನೀರಿಗಿಂತ ಜಾಸ್ತಿ.

ಕತ್ತರಿಸೋದ್ರಲ್ಲಿ ನಿಯಮ ಒಂದೇ, ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೀಬಾರ್ದು. ಒಂದೂವರೆ ಇಂಚು ಇಟ್ಕೊಳ್ತೀನಿ, ಬೇಸಿಗೇಲಿ ಇನ್ನರ್ಧ ಇಂಚು ಜಾಸ್ತಿ, ನೆಲಕ್ಕೆ ನೆರಳಾಗತ್ತೆ. ಇಷ್ಟು ಜಾಗಕ್ಕೆ ಕೈಯಲ್ಲಿ ತಳ್ಳೋ ಮೊವರ್ ಸಾಕು, ಬ್ಲೇಡ್ ಹರಿತ ಇರ್ಬೇಕು, ಮೊಂಡಾದ್ರೆ ಎಲೆ ಕತ್ತರಿಸಲ್ಲ, ಹರಿಯತ್ತೆ, ಎರಡು ದಿನಕ್ಕೆ ಇಡೀ ಲಾನ್ ತುದಿ ಬೆಳ್ಳಗಾಗತ್ತೆ, ಜನ ಅದನ್ನ ರೋಗ ಅನ್ಕೊಳ್ತಾರೆ. ಗೊಬ್ಬರ ಹೆಚ್ಚೇನಿಲ್ಲ, ಜೂನ್ ಮತ್ತೆ ಸೆಪ್ಟೆಂಬರಲ್ಲಿ ಜರಡಿ ಹಿಡಿದ ಎರೆಗೊಬ್ಬರ ಮರಳು ಸೇರಿಸಿ ಕಾಲಿಂಚಿನಷ್ಟು ತೆಳ್ಳಗೆ ಹರಡಿ ಪೊರಕೇಲಿ ಗುಡಿಸ್ತೀನಿ, ಮಳೆಗಾಲದ ಮಧ್ಯೆ ಬಣ್ಣ ಇಳಿದ್ರೆ ಮಾತ್ರ 150 ಗ್ರಾಂ ಯೂರಿಯಾ ಇಡೀ ಜಾಗಕ್ಕೆ, ಹಾಕಿದ ಕೂಡ್ಲೇ ನೀರು.

ಗೊಣ್ಣೆ ಹುಳದ ಬಗ್ಗೆ ಎಚ್ಚರ ಇರ್ಲಿ. ಏಪ್ರಿಲ್ ಮೇ ಮೊದಲ ಮಳೆ ಆದ ಮೇಲೆ ಸಂಜೆ ಲೈಟಿಗೆ ಕಂದು ಬಣ್ಣದ ದುಂಬಿಗಳು ಬಂದು ಬೀಳ್ತವಲ್ಲ, ಅವೇ ಮಣ್ಣಲ್ಲಿ ಮೊಟ್ಟೆ ಇಡೋದು, ಮರಿ ಹುಳ ಆಗಸ್ಟ್ ಸೆಪ್ಟೆಂಬರಲ್ಲಿ ಬೇರು ತಿನ್ನತ್ತೆ. ನೀರು ಸಾಕಷ್ಟು ಇದ್ರೂ ಅಲ್ಲಲ್ಲಿ ಹಳದಿ ತೇಪೆ ಕಂಡ್ರೆ ಅಲ್ಲಿ ಹುಲ್ಲು ಹಿಡಿದು ಮೆಲ್ಲಗೆ ಎತ್ತಿ, ಚಾಪೆ ಸುತ್ಕೊಂಡು ಬಂದ ಹಾಗೆ ಎದ್ದು ಬಂದ್ರೆ ಕೆಳಗೆ ಸಿ ಆಕಾರದಲ್ಲಿ ಮುದುಡಿದ ಬಿಳಿ ಹುಳ ಸಿಗತ್ತೆ. ಮೈನಾಗಳು ಗುಂಪಾಗಿ ಬಂದು ಒಂದೇ ಜಾಗ ಕುಕ್ಕೋಕೆ ಶುರು ಮಾಡಿದ್ರೆ ಅದೂ ಒಂದು ಸೂಚನೆ. ಮನೆ ಮುಂದೆ ಮಕ್ಕಳು ಬರಿಗಾಲಲ್ಲಿ ಓಡಾಡೋ ಜಾಗಕ್ಕೆ ನಾನು ವಿಷ ಹಾಕಲ್ಲ. ಮೆಟಾರೈಜಿಯಂ ಅಂತ ಫಂಗಸ್ ಪುಡಿ ಬರತ್ತೆ, ಎರೆಗೊಬ್ಬರಕ್ಕೆ ಸೇರಿಸಿ ಸ್ವಲ್ಪ ತೇವ ಮಾಡಿ ಒಂದು ವಾರ ನೆರಳಲ್ಲಿಟ್ಟು, ಜೂನಲ್ಲಿ ಮಣ್ಣು ಒದ್ದೆ ಇರುವಾಗ ಸಂಜೆ ಹೊತ್ತು ಹಾಕ್ತೀನಿ. ಹೆಬ್ಬಾಳದಲ್ಲಿ ಕೃಷಿ ಕೀಟಗಳ ಸಂಶೋಧನೆ ಮಾಡೋ ಎನ್‌ಬಿಎಐಆರ್ ಸಂಸ್ಥೆಯವರು ಗೊಣ್ಣೆ ಹುಳು ಕೊಲ್ಲೋ ಸೂಕ್ಷ್ಮ ಜಂತುಹುಳುವಿನ ಪುಡಿಯನ್ನೂ ಅಭಿವೃದ್ಧಿ ಮಾಡಿದಾರೆ, ಕಬ್ಬು ಅಡಿಕೆ ಬೆಳೆಗಾರರು ಬಳಸ್ತಾರೆ, ಲಾನಿಗೂ ಅದೇ ಹುಳ ಅದೇ ಮದ್ದು.

ಕಾಂಪೌಂಡ್ ಪಕ್ಕ ಹೊಂಗೆ ಮರದ ಕೆಳಗೆ ಒಂದು ನಾಲ್ಕಡಿ ಜಾಗ ಇದೆ, ಅಲ್ಲಿ ಬಿಸಿಲು ಎರಡು ಗಂಟೆಯೂ ಬರಲ್ಲ, ಬೇಸಿಗೇಲಿ ಎಲೆ ಹೂವು ಉದುರಿ ನೆಲ ಮುಚ್ಚತ್ತೆ. ಮಾಲಿ ಆ ಮರದ ಕೊಂಬೆ ಕಡಿಸಿ ಬಿಡಿ ಲಾನ್ ಬರತ್ತೆ ಅಂದ. ಮರ ಕಡಿಸಿ ಹುಲ್ಲು ಬೆಳೆಸೋದು ನನಗೆ ಒಪ್ಪಿಗೆ ಇಲ್ಲ. ಅಲ್ಲಿ ಒಂದೆಲಗ ಹಾಕಿದೀನಿ, ಚೆನ್ನಾಗಿ ಹಬ್ಬಿದೆ, ತಂಬುಳಿಗೂ ಆಗತ್ತೆ, ಹುಲ್ಲಿಗೆ ಬರದೇ ಇರೋ ಹಾಗೆ ನಡುವೆ ಒಂದು ಸಾಲು ಇಟ್ಟಿಗೆ ಹೂತಿದೀನಿ.