ಕಲ್ಲಿದ್ದಲ ಸಂಬಳದಲ್ಲಿ ಬೆಳೆದವಳು ಗಣಿ ಬೇಡ ಅಂದಾಗ

ನನ್ನಪ್ಪ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡಿದವರು. ರಾತ್ರಿ ಸಿಂಗರೇಣಿಯಿಂದ ಬರುವ ಕಲ್ಲಿದ್ದಲ ವ್ಯಾಗನ್‌ಗಳ ಸದ್ದು ಕೇಳುತ್ತಾ ನಿದ್ದೆ ಹೋದವಳು ನಾನು. ನನ್ನ ಫೀಸು, ಹಾಸ್ಟೆಲು, ಮದುವೆ ಎಲ್ಲವೂ ಅದೇ ಸಂಬಳದಲ್ಲಿ ಆಗಿದ್ದು. 2016ರಲ್ಲಿ ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿ, ಹೊಸ ಕಲ್ಲಿದ್ದಲು ಗಣಿ ಬೇಡ ಅಂತ ಕರಪತ್ರ ಹಂಚೋಕೆ ಹೊರಟಾಗ ಅಪ್ಪ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಅಲ್ಲವ್ವಾ, ನಿನಗ್ಯಾಕ ಬೇಕಿತ್ತು ಇದು?"

ಆಗ ನನ್ನ ಬಳಿ ಉತ್ತರ ಇರಲಿಲ್ಲ. ಪ್ರತಿ ಭಾನುವಾರ ಮಗನನ್ನು ಕರೆದುಕೊಂಡು ಹೋಗುತ್ತಿದ್ದ ಕಡಲತೀರ ಅದು, ಅಷ್ಟೇ. ಹೆಸರು ಡ್ರುರಿಡ್ಜ್ ಬೇ. ನ್ಯೂಕ್ಯಾಸಲ್‌ನಿಂದ ಉತ್ತರಕ್ಕೆ, ನಾರ್ತಂಬರ್ಲೆಂಡ್ ಕೌಂಟಿಯಲ್ಲಿದೆ. ಏಳು ಮೈಲಿ ಮರಳು, ಅದರ ಹಿಂದೆ ದಿಬ್ಬ, ದಿಬ್ಬದಾಚೆ ಹೊಲ. ಚಳಿಗಾಲದಲ್ಲಿ ಆ ಹೊಲಗಳಿಗೆ ಗುಲಾಬಿ ಕಾಲಿನ ಹೆಬ್ಬಾತುಗಳು ಬಂದಿಳಿಯುತ್ತವೆ. ಅಲ್ಲಿ ಹೈಥಾರ್ನ್ ಅನ್ನುವ ಕಡೆ ತೆರೆದ ಗಣಿ ಮಾಡಿ ಸುಮಾರು 30 ಲಕ್ಷ ಟನ್ ಕಲ್ಲಿದ್ದಲು ತೆಗೆಯುವ ಯೋಜನೆ ಬಂತು. 2016ರ ಜುಲೈನಲ್ಲಿ ಕೌಂಟಿ ಕೌನ್ಸಿಲ್ ಒಪ್ಪಿಗೆಯನ್ನೂ ಕೊಟ್ಟಿತು. ನಂತರ, ಸಾರ್ವಜನಿಕ ವಿಚಾರಣೆ ನಡೆಸಿ ತಾನೇ ತೀರ್ಮಾನಿಸುತ್ತೇನೆ ಅಂತ ಅಲ್ಲಿನ ಕೇಂದ್ರ ಸರ್ಕಾರ ಆ ಕಡತವನ್ನು ತನ್ನ ಕೈಗೆ ತೆಗೆದುಕೊಂಡಿತು. ನಮಗೆ ಉಳಿದ ದಾರಿ ಅದೊಂದೇ.

ಮೊದಲ ತಿಂಗಳು ನಾನು ಮಾಡಿದ್ದೆಲ್ಲ ತಪ್ಪು. ಅಂಗಡಿ ಮುಂದೆ ಮೇಜು ಹಾಕಿ, ಭೂಮಿ ಎಷ್ಟು ಬಿಸಿಯಾಗುತ್ತಿದೆ ಅನ್ನುವ ಚಿತ್ರಪಟ ನೇತುಹಾಕಿದ್ದೆ. ಜನ ನೋಡಿ, ನಕ್ಕು, ಮುಂದೆ ಹೋಗುತ್ತಿದ್ದರು. ಆ ಸೀಮೆಯಲ್ಲಿ ಕಲ್ಲಿದ್ದಲು ಅಂದರೆ ಅಜ್ಜನ ಹೆಸರು ಇದ್ದ ಹಾಗೆ. ಪಕ್ಕದ ಎಲಿಂಗ್ಟನ್ ಗಣಿ ಸಮುದ್ರದ ಅಡಿಯವರೆಗೂ ಹೋಗಿತ್ತು. 2005ರಲ್ಲಿ ಮುಚ್ಚಿತು. ಅಂಥ ಕಡೆ ಹೊರಗಿನಿಂದ ಬಂದ ಹೆಂಗಸೊಬ್ಬಳು ಕಲ್ಲಿದ್ದಲು ಕೆಟ್ಟದ್ದು ಅಂದರೆ ಯಾರು ಕೇಳುತ್ತಾರೆ?

ಒಂದು ದಿನ ಆ ಗಣಿಯ ಹಳೇ ಕೆಲಸಗಾರರೊಬ್ಬರು ಮೇಜಿನ ಹತ್ತಿರ ನಿಂತರು. ಬೈಯುತ್ತಾರೆ ಅಂದುಕೊಂಡೆ. ನನ್ನಪ್ಪನ ಕೆಲಸದ ಬಗ್ಗೆ ಹೇಳಿದೆ. ಅವರ ಮುಖವೇ ಬದಲಾಯಿತು. ಅರ್ಧ ಗಂಟೆ ಮಾತಾಡಿದರು. ತೆರೆದ ಗಣಿ ಅಂದರೆ ಅವರಿಗೆ ತಿರಸ್ಕಾರ. ಮೇಲಿನ ಮಣ್ಣು ಕೆರೆದು ಲಾರಿಗೆ ತುಂಬುವುದನ್ನು ಅವರು ಗಣಿಗಾರಿಕೆ ಅಂತಲೇ ಒಪ್ಪಲಿಲ್ಲ. ಹೋಗುವಾಗ ನನ್ನನ್ನು "ಮಾರಾ" ಅಂದರು. ಅಲ್ಲಿನ ಗಣಿಯವರು ಜೊತೆಗಾರರನ್ನು ಕರೆಯುವುದು ಹಾಗೆ. ಹಾಸ್ಟೆಲ್‌ನಲ್ಲಿ ಮಂಗಳೂರಿನ ಗೆಳತಿ ದಿನಕ್ಕೆ ನೂರು ಸಲ "ಮಾರಾಯ್ತಿ" ಅನ್ನುತ್ತಿದ್ದದ್ದು ನೆನಪಾಗಿ ನಗು ಬಂತು.

ಆವತ್ತೇ ಚಿತ್ರಪಟ ಸುತ್ತಿಟ್ಟೆ. ಆಮೇಲೆ ಮೇಜಿನ ಹತ್ತಿರ ಬಂದವರಿಗೆ ಒಂದೇ ಪ್ರಶ್ನೆ: "ಬೀಚಿಗೆ ಹೋದರೆ ನೀವು ಏನು ಮಾಡುತ್ತೀರಿ?" ನಾಯಿ ಓಡಿಸುವವರು, ಹಕ್ಕಿ ನೋಡುವವರು, ಪ್ರವಾಸಿಗರಿಗೆ ಕೋಣೆ ಬಾಡಿಗೆ ಕೊಡುವವರು. ಹೇಳಿದ್ದನ್ನೇ ಬರೆಯಿರಿ ಅಂತ ಕಾಗದ ಕೊಡುತ್ತಿದ್ದೆ. ಅಲ್ಲಿನ ಯೋಜನಾ ಕಾನೂನಿನಲ್ಲಿ ತಕರಾರು ಪತ್ರಗಳು ಓಟಿನ ಹಾಗಲ್ಲ. ಎಷ್ಟು ಬಂದವು ಅನ್ನುವುದಕ್ಕಿಂತ ಏನು ಕಾರಣ ಕೊಟ್ಟಿದ್ದಾರೆ ಅನ್ನುವುದಕ್ಕೆ ತೂಕ ಜಾಸ್ತಿ. ಒಂದೇ ಒಕ್ಕಣೆಯ ಸಾವಿರ ಪತ್ರ ಒಂದು ಪತ್ರದಷ್ಟೇ ಕೆಲಸ ಮಾಡಬಹುದು. ಅದಕ್ಕೇ ಅಚ್ಚು ಹಾಕಿದ ನಮೂನೆಯನ್ನು ನಾವು ಬಳಸಲೇ ಇಲ್ಲ. ಖರ್ಚಿಗೆ ಎಲ್ಲರೂ ಕೇಕ್ ಮಾರುತ್ತಿದ್ದರು. ನಾನು ಮಿರ್ಚಿ ಭಜ್ಜಿ ಮಾಡಿದೆ. ಖಾರಕ್ಕೆ ಕಣ್ಣೀರು ಹಾಕುತ್ತಲೇ ಎರಡನೇದು ಕೇಳಿದರು.

ನಮಗೆ ನಿಜಕ್ಕೂ ಕಷ್ಟ ಕೊಟ್ಟ ವಾದ ಬೇರೆ. ಅಗೆದ ಮೇಲೆ ಜಾಗವನ್ನು ಮೊದಲಿಗಿಂತ ಚೆನ್ನಾಗಿ ಮಾಡಿಕೊಡುತ್ತೇವೆ ಅಂತ ಗಣಿ ಕಂಪನಿಯವರು ಅನ್ನುತ್ತಿದ್ದರು. ಇದು ಸುಳ್ಳು ಅನ್ನೋ ಹಾಗಿರಲಿಲ್ಲ. ನನ್ನ ಮಗ ಬಾತುಕೋಳಿಗೆ ಕಾಳು ಹಾಕುವ ಅಲ್ಲಿನ ಕಂಟ್ರಿ ಪಾರ್ಕ್ ಕೂಡ ಹಳೇ ತೆರೆದ ಗಣಿಯ ಜಾಗವೇ! ಇನ್ನೊಂದು ವಾದ, ನಾವು ತೆಗೆಯದಿದ್ದರೆ ರಷ್ಯಾದಿಂದ ಬರುತ್ತದೆ ಅಂತ. ಇದಕ್ಕೆ ಉತ್ತರ ಸರ್ಕಾರದ ಮಾತಿನಲ್ಲೇ ಸಿಕ್ಕಿತು. 2025ರೊಳಗೆ ಕಲ್ಲಿದ್ದಲು ಸ್ಥಾವರಗಳನ್ನು ಮುಚ್ಚುವುದಾಗಿ 2015ರ ನವೆಂಬರ್‌ನಲ್ಲೇ ಸರ್ಕಾರ ಹೇಳಿತ್ತು. ಸುಡುವ ಒಲೆಯನ್ನೇ ಆರಿಸಲು ಹೊರಟವರಿಗೆ ಹೊಸ ಸೌದೆ ಯಾಕೆ? 2012ರಲ್ಲಿ ಬ್ರಿಟನ್ನಿನ ಶೇ. 40ರಷ್ಟು ವಿದ್ಯುತ್ ಕಲ್ಲಿದ್ದಲಿನಿಂದ ಬರುತ್ತಿತ್ತು. 2017ಕ್ಕೆ ಅದು ಶೇ. 7ರ ಆಸುಪಾಸಿಗೆ ಇಳಿಯಿತು. ಅದೇ ವರ್ಷದ ಏಪ್ರಿಲ್ 21ರಂದು ಇಡೀ ದಿನ ಕಲ್ಲಿದ್ದಲು ಇಲ್ಲದೇ ದೇಶ ನಡೆಯಿತು. ಸಾರ್ವಜನಿಕ ವಿಚಾರಣೆ ಶುರುವಾಗುವ ಹೊತ್ತಿಗೆ ಸಿಕ್ಕ ಈ ಸುದ್ದಿಯನ್ನು ನಾವು ಕಂಡ ಕಂಡವರಿಗೆಲ್ಲ ಹೇಳಿದೆವು.

ವಿಚಾರಣೆಯಲ್ಲಿ ಹವಾಮಾನದ ವಾದವನ್ನು ಫ್ರೆಂಡ್ಸ್ ಆಫ್ ದ ಅರ್ಥ್ ಅನ್ನುವ ಪರಿಸರ ಸಂಸ್ಥೆ ಹೊತ್ತುಕೊಂಡಿತು. ನಾವು ಊರಿನ ಮಾತು ಹೇಳಿದೆವು. ವಿಚಾರಣೆ ನಡೆಸಿದ ಅಧಿಕಾರಿ ಗಣಿಗೆ ಅನುಮತಿ ಕೊಡಬಹುದು ಅಂತಲೇ ಶಿಫಾರಸು ಮಾಡಿದರು. ಆದರೆ 2018ರ ಮಾರ್ಚ್‌ನಲ್ಲಿ ಸಚಿವ ಸಾಜಿದ್ ಜಾವಿದ್ ಅದನ್ನು ತಳ್ಳಿಹಾಕಿದರು. ಹವಾಮಾನವೂ ಒಂದು ಕಾರಣ. ಕುಣಿದಾಡಿದೆವು. ನವೆಂಬರ್‌ನಲ್ಲಿ ಹೈಕೋರ್ಟ್ ಆ ಆದೇಶವನ್ನೇ ರದ್ದು ಮಾಡಿತು. ಮತ್ತೆ ಮೊದಲಿನಿಂದ. ಹಲವರು ಅಲ್ಲಿಗೇ ಕೈಬಿಟ್ಟರು, ನಾನೂ ಆರು ತಿಂಗಳು ಸಭೆಗೆ ಹೋಗಲಿಲ್ಲ. ಮನೆ, ಡ್ಯೂಟಿ, ಮಗನ ಶಾಲೆ. ಯಾರೂ ಕೇಳಲಿಲ್ಲ, ಯಾರೂ ದೂರಲಿಲ್ಲ. ವಾಪಸ್ ಹೋದಾಗ ಕುರ್ಚಿ ಎಳೆದು ಕೊಟ್ಟರು. ಒಂದು ಗುಂಪು ನಾಲ್ಕು ವರ್ಷ ಉಳಿಯಬೇಕಾದರೆ ಅಷ್ಟು ಸಡಿಲ ಇರಲೇಬೇಕು ಅಂತ ನನಗನ್ನಿಸುತ್ತದೆ.

2020ರ ಸೆಪ್ಟೆಂಬರ್‌ನಲ್ಲಿ ಇನ್ನೊಬ್ಬ ಸಚಿವ ರಾಬರ್ಟ್ ಜೆನ್ರಿಕ್ ಮತ್ತೆ ಬೇಡ ಅಂದರು. ಕೋವಿಡ್ ಕಾಲ. ಎಲ್ಲರೂ ಅವರವರ ಮನೆಯಲ್ಲೇ ಕೂತು, ಪರದೆ ಮೇಲೆ ಚಹಾ ಕಪ್ ಎತ್ತಿದೆವು. ಡಿಸೆಂಬರ್‌ನಲ್ಲಿ ನ್ಯೂಕ್ಯಾಸಲ್ ಹತ್ತಿರದ ಡ್ಯೂಲಿ ಹಿಲ್ ಗಣಿಯ ಅರ್ಜಿಯೂ ಬಿದ್ದುಹೋಯಿತು.

2024ರ ಸೆಪ್ಟೆಂಬರ್ 30ರಂದು ಬ್ರಿಟನ್ನಿನ ಕೊನೆಯ ಕಲ್ಲಿದ್ದಲು ಸ್ಥಾವರ ರ‍್ಯಾಟ್‌ಕ್ಲಿಫ್ ನಿಂತಿತು. 1882ರಲ್ಲಿ ಲಂಡನ್ನಿನಲ್ಲಿ ಶುರುವಾದ ಕಲ್ಲಿದ್ದಲ ವಿದ್ಯುತ್ 142 ವರ್ಷಕ್ಕೆ ಮುಗಿಯಿತು. ಅಪ್ಪನಿಗೆ ಫೋನ್ ಮಾಡಿದೆ.

"ಎಷ್ಟು ಯೂನಿಟ್ ಇದ್ದವು?" ಅಂದರು.

"ನಾಲ್ಕು. ಒಂದೊಂದು 500 ಮೆಗಾವ್ಯಾಟ್."

"ಕೆಲಸದವರು?"

ಕೊನೆಗೆ ಸುಮಾರು 170 ಜನ ಉಳಿದಿದ್ದರು, ನಿಲ್ಲಿಸುವುದನ್ನು ಕ್ಯಾಂಟೀನ್‌ನಲ್ಲಿ ಒಟ್ಟಿಗೆ ಕೂತು ನೋಡಿದರಂತೆ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

"ಕೊನೇ ಶಿಫ್ಟಿನವರ ಫೋಟೋ ತೆಗೆದಿದ್ದರೆ ಕಳಿಸವ್ವಾ," ಅಂದರು.