ಮುತ್ತು ತರಲು ಕಡಲಾಚೆ ಹೊರಡುವ ಮುನ್ನ

ಬೆಳಗಾವಿಯ ಶಹಾಪುರದಲ್ಲಿ ನಮಗೆ ನತ್ತು ಕಟ್ಟಿಕೊಡುವ ಹಿರಿಯರೊಬ್ಬರಿದ್ದಾರೆ. ಮೊದಲ ಸಲ ಚೀನಾದಿಂದ ತಂದ ಮುತ್ತಿನ ಎಳೆಗಳನ್ನು ಅವರ ಮುಂದೆ ಹರವಿದಾಗ ನನಗೆ ಒಳಗೊಳಗೇ ಹಿಗ್ಗು. ಅವರು ಒಂದು ಮುತ್ತು ಬಿಡಿಸಿಕೊಂಡು ಬಂಗಾರದ ತಂತಿ ತೂರಿಸಲು ನೋಡಿದರು. ತಂತಿ ಬಾಗಿತು, ಒಳಗೆ ಹೋಗಲಿಲ್ಲ. ‘ಅಕ್ಕಾರ, ಮುತ್ತ ಭಾಳ ಚಲೋ ಅದಾವ್ರಿ. ಆದ್ರ ತಂತಿ ಹೋಗಂಗಿಲ್ಲಲ್ರಿ’ ಎಂದು ಮುತ್ತನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು. ತೂತು ದೊಡ್ಡದು ಮಾಡಿಸಲು ಹೋಗಿ ಕೆಲವು ಸೀಳಿದವು. ಉಳಿದವನ್ನು ರೇಷ್ಮೆ ದಾರದಲ್ಲಿ ಪೋಣಿಸಿ ಸರ ಮಾಡಿ ಮಾರಿದೆ. ನತ್ತಿಗೆ ಬೇಕಾದ ಮುತ್ತನ್ನು ಮತ್ತೆ ಹೈದರಾಬಾದಿನಿಂದಲೇ ತರಿಸಬೇಕಾಯಿತು.

ಸಣ್ಣ ವ್ಯಾಪಾರಕ್ಕೆ ಹೊರದೇಶದಿಂದ ಸಗಟು ಮುತ್ತು ತರುವ ಆಸೆ ಈಗ ಹಲವರಿಗಿದೆ. ಹೋಗಬಾರದು ಎಂದು ನಾನು ಹೇಳುವುದಿಲ್ಲ. ಆದರೆ ಖರೀದಿಯ ಮುಕ್ಕಾಲು ಕೆಲಸ ಊರಲ್ಲೇ ಮುಗಿದಿರಬೇಕು.

ಹೋಗಬೇಕೇ? ಮೊದಲು ಲೆಕ್ಕ ಹಾಕಿ

ಹೈದರಾಬಾದಿನ ಚಾರ್‌ಮಿನಾರ್ ಬಳಿಯ ಪತ್ತರ್‌ಗಟ್ಟಿಯಲ್ಲಿ ಹೊರದೇಶದ ಮುತ್ತು ಸಗಟಿನಲ್ಲೇ ಸಿಗುತ್ತದೆ. ವಿಜಯಪುರದವರಿಗಂತೂ ಅದು ಒಂದು ರಾತ್ರಿಯ ದಾರಿ. ಅಲ್ಲಿನ ದರವನ್ನೇ ಅಳತೆಗೋಲು ಮಾಡಿಕೊಳ್ಳಿ. ವಿಮಾನ, ವಸತಿ, ವೀಸಾ, ದುಭಾಷಿ ಎಲ್ಲ ಸೇರಿ ಒಂದೂವರೆ ಲಕ್ಷ ರೂಪಾಯಿ ಖರ್ಚಾಗುತ್ತದೆ ಎಂದಿಟ್ಟುಕೊಳ್ಳಿ. ಸುಂಕ, ತೆರಿಗೆ ಕಟ್ಟಿದ ಮೇಲೂ ಹೈದರಾಬಾದಿಗಿಂತ ನೂರಕ್ಕೆ 20 ರೂಪಾಯಿ ಉಳಿದರೆ, ಹೋಗಿಬಂದ ಖರ್ಚು ಹುಟ್ಟಬೇಕಾದರೇ ಏಳೂವರೆ ಲಕ್ಷದ ಮಾಲು ಬೇಕು. ವರ್ಷಕ್ಕೆ ಅಷ್ಟು ಮುತ್ತು ಮಾರದವರು ಇಬ್ಬರು ಮೂವರು ಸೇರಿ ಒಬ್ಬರನ್ನು ಕಳಿಸುವುದು ಮೇಲು. ನಾವು ಈಗ ಮಾಡುತ್ತಿರುವುದೂ ಅದನ್ನೇ.

ಅಳತೆಯ ಚೀಟಿ

ನಿಮ್ಮಲ್ಲಿ ಹೆಚ್ಚು ಮಾರುವ ಐದಾರು ಒಡವೆ ಮುಂದಿಟ್ಟುಕೊಂಡು ಪ್ರತಿಯೊಂದರ ಮುತ್ತನ್ನೂ ಕ್ಯಾಲಿಪರಿನಿಂದ ಅಳೆಯಿರಿ. ಗಾತ್ರ, ಆಕಾರ, ಬಣ್ಣ, ಒಂದು ಒಡವೆಗೆ ಎಷ್ಟು ಕಾಳು ಎಂಬುದನ್ನು ಬರೆಯಿರಿ. ಓಲೆಗೆ ಒಂದು ಬದಿ ಚಪ್ಪಟೆಯಾದ ಗುಂಡಿ ಮುತ್ತು ಸಾಕು, ಅದು ಗುಂಡು ಮುತ್ತಿಗಿಂತ ಅಗ್ಗ. ನತ್ತಿಗೆ ಸಣ್ಣ ಕಾಳು ಬೇಕು, ಅದೂ ಪೂರಾ ಗುಂಡಗಿರಬೇಕು. ಸಗಟಿನಲ್ಲಿ ಎಳೆಯ ಉದ್ದ ಸಾಮಾನ್ಯವಾಗಿ 16 ಇಂಚು, ಅಂದರೆ ಸುಮಾರು 40 ಸೆಂ.ಮೀ. 7 ಮಿ.ಮೀ. ಮುತ್ತಾದರೆ ಒಂದು ಎಳೆಯಲ್ಲಿ 57ರ ಆಸುಪಾಸು ಕಾಳು. ಮಾರಾಟಗಾರರ ಚೀಟಿಯಲ್ಲಿ ‘6–7’ ಮಿ.ಮೀ. ಎಂದಿದ್ದರೆ ಎರಡೂ ಗಾತ್ರ ಬೆರೆತಿರುತ್ತವೆ ಎಂದೇ ತಿಳಿಯಿರಿ.

ಜೊತೆಗೆ ಒಂದು ಡಬ್ಬಿ ಕಟ್ಟಿಕೊಳ್ಳಿ: ನೀವು ಬಳಸುವ ತಂತಿಯ ಎರಡು ತುಂಡು, ಪೋಣಿಸುವ ಸೂಜಿ, ಮಾದರಿಗೆ ನಾಲ್ಕಾರು ಮುತ್ತು, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್, ಬಿಳಿ ಬಟ್ಟೆಯ ತುಂಡು. ಈಗ ನಾನು ಪಾಸ್‌ಪೋರ್ಟ್ ಎಷ್ಟು ಜೋಪಾನ ಮಾಡುತ್ತೇನೋ ಆ ತಂತಿಯನ್ನೂ ಅಷ್ಟೇ ಜೋಪಾನ ಮಾಡುತ್ತೇನೆ.

ಎಲ್ಲಿಗೆ, ಯಾವಾಗ

ಅಜ್ಜಿಯ ಪೆಟ್ಟಿಗೆಯ ‘ಬಸ್ರಾ ಮೋತಿ’ ಕೊಲ್ಲಿ ಸಮುದ್ರದ ಸಹಜ ಮುತ್ತು. ಅದನ್ನು ಮರೆತುಬಿಡಿ, ಸಣ್ಣ ವ್ಯಾಪಾರಕ್ಕೆ ಎಟುಕುವಂಥದ್ದಲ್ಲ. ಇವತ್ತಿನ ಪೇಟೆಯಲ್ಲಿರುವುದು ಹೆಚ್ಚುಕಡಿಮೆ ಎಲ್ಲವೂ ಕೃಷಿ ಮುತ್ತು, ಅಂದರೆ ಸಿಂಪಿಯಲ್ಲಿ ಮನುಷ್ಯರೇ ಬೆಳೆಸಿದ್ದು. ಜಪಾನಿನ ಅಕೋಯಾ ಮುತ್ತಿಗೆ ಕೋಬೆ ನಗರ ಹೆಸರುವಾಸಿ. ಅಲ್ಲಿ ತೂಕದ ಮಾತು ‘ಮೊಮ್ಮೆ’ಯಲ್ಲಿ ನಡೆಯುತ್ತದೆ, ಒಂದು ಮೊಮ್ಮೆ ಎಂದರೆ 3.75 ಗ್ರಾಂ. ಕಪ್ಪು ಮುತ್ತು ತಾಹಿತಿ ಇರುವ ಫ್ರೆಂಚ್ ಪಾಲಿನೇಷ್ಯಾದ್ದು. ದೊಡ್ಡ ಗಾತ್ರದ ದಕ್ಷಿಣ ಸಮುದ್ರದ ಮುತ್ತು ಆಸ್ಟ್ರೇಲಿಯಾ, ಇಂಡೊನೇಷ್ಯಾ, ಫಿಲಿಪ್ಪೀನ್ಸ್ ಕಡೆಯದು. ನಮ್ಮ ಗಿರಾಕಿಯ ಕೈಗೆ ಹೊಂದುವುದು ಚೀನಾದ ಸಿಹಿನೀರಿನ ಮುತ್ತು. ಅಕೋಯಾ ಸಿಂಪಿಯೊಂದರಲ್ಲಿ ಒಂದೋ ಎರಡೋ ಮುತ್ತು ಬೆಳೆದರೆ ಸಿಹಿನೀರಿನ ಚಿಪ್ಪಿನಲ್ಲಿ ಒಂದೇ ಸಲಕ್ಕೆ 30, 40 ಬೆಳೆಯುತ್ತವೆ. ಅಗ್ಗವಾಗಿರಲು ಅದೇ ಮುಖ್ಯ ಕಾರಣ.

ಅದರ ದೊಡ್ಡ ಪೇಟೆ ಝೆಜಿಯಾಂಗ್ ಪ್ರಾಂತ್ಯದ ಝೂಜಿ ಬಳಿ, ಶಾನ್‌ಶಿಯಾಹು ಎಂಬ ಪಟ್ಟಣದಲ್ಲಿದೆ. ಹಾಂಗ್‌ಝೌನಿಂದ ಝೂಜಿಗೆ ವೇಗದ ರೈಲು ಇದೆ. ಹಂಪಿಯಲ್ಲಿ ಮುತ್ತನ್ನು ಸೇರಿನಿಂದ ಅಳೆದು ಮಾರುತ್ತಿದ್ದರು ಎಂದು ಕೇಳಿ ಬೆಳೆದವರು ನಾವು. ಇಲ್ಲಿ ನಿಜಕ್ಕೂ ಕಿಲೋಗಟ್ಟಲೆ ತೂಗುತ್ತಾರೆ, ಪ್ಲಾಸ್ಟಿಕ್ ಚೀಲದಲ್ಲಿ ಕಡಲೆಕಾಯಿ ಕೊಟ್ಟಷ್ಟು ಸಲೀಸಾಗಿ! ತಂಗಲು ನಾನು ಪಕ್ಕದ ಯಿವು ನಗರವನ್ನೇ ಆರಿಸುತ್ತೇನೆ. ಭಾರತದ ವ್ಯಾಪಾರಿಗಳು ಬಂದುಹೋಗುವ ಊರಾದ್ದರಿಂದ ಅನ್ನ, ಚಪಾತಿ, ಹಿಂದಿ ಬಲ್ಲ ದುಭಾಷಿ ಎಲ್ಲವೂ ಸಿಗುತ್ತವೆ. ರೊಟ್ಟಿ, ಶೇಂಗಾ ಚಟ್ನಿ ಮಾತ್ರ ಮನೆಯಿಂದಲೇ ಒಯ್ಯಬೇಕು.

ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ಹಾಂಗ್‌ಕಾಂಗ್. ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಅಲ್ಲಿ ದೊಡ್ಡ ಆಭರಣ ಮೇಳಗಳು ನಡೆಯುತ್ತವೆ. ಜಪಾನ್, ಚೀನಾ, ತಾಹಿತಿಯ ಮುತ್ತು ಒಂದೇ ಕಡೆ ನೋಡಿದರೆ ಕಣ್ಣು ಪಳಗುತ್ತದೆ. ಸೆಪ್ಟೆಂಬರಿನಲ್ಲಿ ಕೊಂಡ ಮಾಲು ತುಳಸಿ ಲಗ್ನದ ನಂತರದ ಮದುವೆಗಳಿಗೆ ಒದಗುತ್ತದೆ. ಮಾರ್ಚಿನದ್ದು ಅಕ್ಷಯ ತೃತೀಯಕ್ಕೆ ಓಡೋಡಿ ಮುಟ್ಟುತ್ತದೆ. ಚೀನೀ ಹೊಸ ವರ್ಷದ ಹೊತ್ತಿಗೆ, ಅಂದರೆ ಜನವರಿ ಕೊನೆ ಫೆಬ್ರುವರಿಯಲ್ಲಿ ಮಾತ್ರ ಹೋಗಬೇಡಿ. ಪೇಟೆಯ ಬಾಗಿಲೇ ಹಾಕಿರುತ್ತದೆ.

ಕಾಗದಪತ್ರ

ಇಲ್ಲಿ ಹೆಚ್ಚು ತಲೆಬಿಸಿ ಇಲ್ಲ. ಆಮದು ಮಾಡಲು ಐಇಸಿ, ಅಂದರೆ ಆಮದು–ರಫ್ತುದಾರರ ಗುರುತಿನ ಸಂಖ್ಯೆ ಬೇಕು. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ ಪ್ಯಾನ್, ಬ್ಯಾಂಕ್ ವಿವರ ಕೊಟ್ಟು 500 ರೂಪಾಯಿ ಕಟ್ಟಿದರಾಯಿತು. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದನ್ನು ನವೀಕರಿಸಬೇಕು. ಏನೂ ಬದಲಾಗಿಲ್ಲ ಎಂದು ಸುಮ್ಮನಿದ್ದರೆ ಸಂಖ್ಯೆ ನಿಷ್ಕ್ರಿಯವಾಗುತ್ತದೆ. ಜಿಎಸ್‌ಟಿ ನೋಂದಣಿ ಇದ್ದರೆ ಆಮದಿನ ಮೇಲೆ ಕಟ್ಟಿದ ತೆರಿಗೆ ಮುಂದಿನ ಲೆಕ್ಕದಲ್ಲಿ ಮುರಿದುಕೊಳ್ಳಬಹುದು. ಚೀನಾಕ್ಕೆ ಮಾರಾಟಗಾರರ ಆಹ್ವಾನ ಪತ್ರದ ಮೇಲೆ ವ್ಯಾಪಾರದ ‘ಎಂ’ ವೀಸಾ. ನಾನು ಮುಂಬೈಗೆ ಹೋಗಿ ಅರ್ಜಿ ಕೊಟ್ಟೆ. ಹಾಂಗ್‌ಕಾಂಗ್‌ಗೆ 14 ದಿನದೊಳಗಿನ ಭೇಟಿಯಾದರೆ ವೀಸಾ ಬೇಡ, ಆದರೆ ಹೊರಡುವ ಮೊದಲೇ ಆನ್‌ಲೈನಿನಲ್ಲಿ ಮುಂಗಡ ನೋಂದಣಿ ಮಾಡಿ ಆ ಹಾಳೆ ಮುದ್ರಿಸಿಕೊಂಡಿರಬೇಕು.

ಅಂಗಡಿಯ ಮೇಜಿನ ಮುಂದೆ

ಮೊದಲ ದಿನ ಏನೂ ಕೊಳ್ಳಬೇಡಿ. ದರ ಬರೆದುಕೊಳ್ಳುತ್ತ ತಿರುಗಿ. ‘ಎಎಎ’ ದರ್ಜೆ ಎಂದು ಎಲ್ಲರೂ ಹೇಳುತ್ತಾರೆ. ಆ ಅಕ್ಷರಗಳಿಗೆ ಎಲ್ಲರೂ ಒಪ್ಪಿದ ಒಂದು ಅಳತೆ ಇಲ್ಲ. ಒಬ್ಬರ ‘ಎಎಎ’ ಇನ್ನೊಬ್ಬರ ಅಂಗಡಿಯಲ್ಲಿ ‘ಎ’ ಆಗಿರಬಹುದು. ದರ್ಜೆಯ ಚೀಟಿ ಮಗುಚಿಟ್ಟು ಮುತ್ತು ನೋಡಿ.

ಅಂಗಡಿಯ ದೀಪ ಎಂಥ ಮುತ್ತನ್ನೂ ಹೊಳೆಯಿಸುತ್ತದೆ. ಎಳೆಯನ್ನು ಕಿಟಕಿಯ ಬೆಳಕಿಗೆ ಒಯ್ದು ಬಿಳಿ ಬಟ್ಟೆಯ ಮೇಲಿಡಿ. ಒಳ್ಳೆಯ ಮುತ್ತಿನಲ್ಲಿ ಕಿಟಕಿಯ ಸರಳು, ನಿಮ್ಮ ಮುಖದ ನೆರಳು ಗೆರೆ ಕೊರೆದಂತೆ ಕಾಣುತ್ತವೆ. ಹೊಳಪು ಕಡಿಮೆಯಾದದ್ದರಲ್ಲಿ ಸುಣ್ಣ ಬಳಿದ ಗೋಡೆಯ ಹಾಗೆ ಬೆಳಕು ಹರಡಿಕೊಂಡಿರುತ್ತದೆ. ನಂತರ ಎಳೆಯನ್ನು ಮೇಜಿನ ಮೇಲೆ ಉದ್ದಕ್ಕೆ ಚಾಚಿ ಅಂಗೈಯಿಂದ ಹೊರಳಿಸಿ. ಗುಂಡಗಿಲ್ಲದ ಕಾಳು, ತೂತು ನಡುವಿಗೆ ಬೀಳದ ಕಾಳು ತಕ್ಷಣ ಕುಂಟುತ್ತದೆ. ನನಗೆ ಲೂಪಿಗಿಂತ ಈ ಪರೀಕ್ಷೆಯ ಮೇಲೇ ನಂಬಿಕೆ ಹೆಚ್ಚು.

ಲೂಪಿನಲ್ಲಿ ನೋಡಬೇಕಾದ್ದು ತೂತಿನ ಅಂಚು. ನಕಲಿಯಾದರೆ ಬಣ್ಣ ಅಲ್ಲಿ ಪದರು ಬಿಟ್ಟಿರುತ್ತದೆ. ಬಣ್ಣ ಹಾಕಿದ ಮುತ್ತಾದರೆ ಅದೇ ಜಾಗದಲ್ಲಿ ಬಣ್ಣ ಗಾಢವಾಗಿ ನಿಂತಿರುತ್ತದೆ. ಸಿಹಿನೀರಿನ ‘ಕಪ್ಪು’ ಮುತ್ತು ಬಣ್ಣ ಕಟ್ಟಿದ್ದೇ. ಕೊಳ್ಳುವುದು ತಪ್ಪಲ್ಲ, ಗಿರಾಕಿಗೆ ಹೇಳದೆ ಮಾರುವುದು ತಪ್ಪು. ಎರಡು ಮುತ್ತನ್ನು ಮೆಲ್ಲಗೆ ಒಂದಕ್ಕೊಂದು ಉಜ್ಜಿದರೆ ನಿಜವಾದದ್ದು ನುಣ್ಣನೆಯ ಮರಳಿನ ಹಾಗೆ ತರಕಲು ಎನಿಸುತ್ತದೆ, ಗಾಜು ಜಾರುತ್ತದೆ.

ಇಷ್ಟಾದ ಮೇಲೆ ನಿಮ್ಮ ತಂತಿ ತೆಗೆಯಿರಿ. ಎಳೆಯ ತುದಿಯದ್ದಲ್ಲ, ನಡುವಿನ ಒಂದು ಮುತ್ತನ್ನು ಬಿಡಿಸಿಕೊಡಲು ಕೇಳಿ. ಸಗಟು ಎಳೆಯ ದಾರ ತಾತ್ಕಾಲಿಕ, ಬಿಚ್ಚಲು ಯಾರೂ ಬೇಸರಿಸುವುದಿಲ್ಲ. ತಂತಿ ಹೋಗದಿದ್ದರೆ ಎಷ್ಟೇ ಅಂದವಿರಲಿ, ಮುಂದಿನ ಅಂಗಡಿಗೆ ನಡೆಯಿರಿ. ಹೆಚ್ಚು ಮಾಲು ಕೊಳ್ಳುವುದಾದರೆ ದೊಡ್ಡ ತೂತು ಕೊರೆದು ಕೊಡುತ್ತೀರಾ ಎಂದೂ ಕೇಳಬಹುದು.

ಹಣ, ಪಾರ್ಸೆಲ್

ವ್ಯಾಪಾರದ ಮಾಲನ್ನು ಕೈಚೀಲದಲ್ಲಿಟ್ಟು ವಿಮಾನ ನಿಲ್ದಾಣದಲ್ಲಿ ಸುಂಕ ಕಟ್ಟುವಂಥದ್ದೇನೂ ಇಲ್ಲದವರ ಹಸಿರು ದಾರಿಯಲ್ಲಿ ನಡೆದುಬರುವ ಯೋಚನೆ ಬೇಡ. ಸ್ವಂತ ಸಾಮಾನಿಗೆ ಇರುವ ವಿನಾಯಿತಿ ವ್ಯಾಪಾರದ ಸರಕಿಗಿಲ್ಲ, ಸಿಕ್ಕಿಬಿದ್ದರೆ ಮಾಲೂ ಹೋಗಬಹುದು, ದಂಡವೂ ಬೀಳಬಹುದು. ಹಣ ನಿಮ್ಮ ಬ್ಯಾಂಕಿನ ಮೂಲಕ ಮಾರಾಟಗಾರರ ಖಾತೆಗೇ ಹೋಗಲಿ. ಸ್ವಲ್ಪ ಮುಂಗಡ ಕೊಟ್ಟು ಬಾಕಿಯನ್ನು ಪಾರ್ಸೆಲ್ ಹೊರಡುವ ಮುಂಚೆ ಕೊಡುವ ಮಾತು ಮಾಡಿಕೊಳ್ಳಿ. ಬಿಲ್ಲಿನಲ್ಲಿ ‘ಮಣಿ’ ಎಂದು ಬರೆಸಬೇಡಿ, ದರ ಇಳಿಸಿಯೂ ಬರೆಸಬೇಡಿ. ‘ಕೃಷಿ ಮುತ್ತು, ಸಿಹಿನೀರು’ ಎಂದು ಗಾತ್ರ, ಎಳೆ, ತೂಕ ಸಮೇತ ಇರಲಿ. ಮುತ್ತಿನ ಸುಂಕದ ಶೀರ್ಷಿಕೆ 7101. ಆ ದಿನದ ಸುಂಕ ಎಷ್ಟೆಂದು ಕಸ್ಟಮ್ಸ್ ಏಜೆಂಟರನ್ನು ಹೊರಡುವ ಮುನ್ನವೇ ಕೇಳಿ ಲೆಕ್ಕಕ್ಕೆ ಸೇರಿಸಿ. ಮಾಲು ಬಿಡಿಸಿದ ಮೇಲೆ ಬಿಲ್ ಆಫ್ ಎಂಟ್ರಿಯನ್ನು, ಅಂದರೆ ಕಸ್ಟಮ್ಸಿನ ಆಮದು ದಾಖಲೆಯನ್ನು, ಬ್ಯಾಂಕಿಗೆ ಮುಟ್ಟಿಸುವುದು ಬಾಕಿ ಉಳಿಯದಿರಲಿ.

ಆರಿಸಿದ ಪ್ರತಿ ಗೊಂಚಲಿಗೂ ಅಂಗಡಿಯಲ್ಲೇ ನಿಮ್ಮ ಕೈಬರಹದ ಚೀಟಿ ಕಟ್ಟಿ ಫೋಟೊ ತೆಗೆದುಕೊಳ್ಳಿ. ಕನ್ನಡದಲ್ಲೇ ಬರೆಯಿರಿ, ಬದಲಿಸುವುದು ಕಷ್ಟ. ಪಾರ್ಸೆಲ್ ಬಂದಾಗ ಚೀಟಿ, ಫೋಟೊ, ತೂಕ ಮೂರನ್ನೂ ತಾಳೆ ನೋಡಿ. ನನ್ನ ಎರಡನೇ ಖರೀದಿಯಲ್ಲಿ ನಾಲ್ಕು ಎಳೆ ಬೇರೆಯವೇ ಬಂದಿದ್ದವು. ಅದೇ ಸಂಜೆ ಫೋಟೊ ಕಳಿಸಿದೆ. ಅವರು ಹಣ ವಾಪಸ್ ಕೊಡಲಿಲ್ಲ. ಮುಂದಿನ ಪಾರ್ಸೆಲ್ಲಿನಲ್ಲಿ ಐದು ಎಳೆ ಇಟ್ಟು ಕಳಿಸಿದರು, ಅವಕ್ಕೆ ನನ್ನ ಹಳೇ ಚೀಟಿಗಳನ್ನೇ ಕಟ್ಟಿ.