ಅಮೈನೋ ಗುಂಪು ದಾಟೋದನ್ನ ಪೇಪರ್ ಮೇಲೆ ಹಿಡಿದೆ: ನನ್ನ ಅನುಭವ

"ಕಿಟ್ ಇಲ್ದೆ ಟ್ರಾನ್ಸಾಮಿನೇಸ್ ತೋರಿಸೋಕಾಗಲ್ಲ, ಬೋರ್ಡ್ ಮೇಲೆ ಬರೆದು ಮುಗಿಸ್ಬಿಡಿ ಮೇಡಂ" ಅಂತ ಸ್ಟಾಫ್‌ರೂಮಲ್ಲಿ ಎಲ್ರೂ ಹೇಳಿದ್ರು. ಟ್ರಾನ್ಸಾಮಿನೇಸ್ ಅಂದ್ರೆ ಒಂದು ಅಮೈನೋ ಆಸಿಡ್‌ನ ಅಮೈನೋ ಗುಂಪನ್ನ ಇನ್ನೊಂದು ಅಣುವಿಗೆ ದಾಟಿಸೋ ಎಂಜೈಮ್. 1937ರಲ್ಲಿ ಮಾಸ್ಕೋದಲ್ಲಿ ಬ್ರೌನ್‌ಸ್ಟೀನ್, ಕ್ರಿಟ್ಸ್‌ಮನ್ ಈ ದಾಟೋದನ್ನ ಪಾರಿವಾಳದ ಸ್ನಾಯುವಲ್ಲಿ ಕಂಡಾಗ ಪೇಪರ್ ಕ್ರೊಮಟೋಗ್ರಫಿನೇ (ಪೇಪರ್ ಮೇಲೆ ದ್ರವ ಹರಿಸಿ ಪದಾರ್ಥಗಳನ್ನ ಬೇರೆ ಬೇರೆ ಚುಕ್ಕೆ ಮಾಡೋ ವಿಧಾನ) ಇರ್ಲಿಲ್ಲ, ನಮಗೇನು ಕಷ್ಟ ಅಂತ ಹಠ ಹಿಡಿದೆ.

ಬೆಳಿಗ್ಗೆನೇ ಮಟನ್ ಅಂಗಡಿಯಿಂದ ಕುರಿ ಲಿವರ್ ಒಂದು 50 ಗ್ರಾಂ ಐಸಲ್ಲಿಟ್ಟು ತಂದು, ತಣ್ಣಗಿನ ಫಾಸ್ಫೇಟ್ ಬಫರಲ್ಲಿ ಅರೆದು ಸೆಂಟ್ರಿಫ್ಯೂಜ್ ಮಾಡಿ, ಅಲನಿನ್ನೂ ಆಲ್ಫಾ ಕೀಟೋಗ್ಲುಟರೇಟೂ ಹಾಕಿ 37 ಡಿಗ್ರಿಲಿ ಒಂದು ಗಂಟೆ ಇಟ್ಟೆ. ಅಲನಿನ್ ಅನ್ನೋ ಅಮೈನೋ ಆಸಿಡ್‌ನ ಗುಂಪು ಕೀಟೋಗ್ಲುಟರೇಟ್‌ಗೆ ದಾಟಿದ್ರೆ ಗ್ಲುಟಮೇಟ್ ಆಗುತ್ತೆ, ಪೇಪರ್ ಮೇಲೆ ಹಿಡೀಬೇಕಾದ ಚುಕ್ಕೆ ಅದೇ. ಮೊದಲ ಸಲ ಕೀಟೋಗ್ಲುಟಾರಿಕ್ ಆಸಿಡ್ ನ್ಯೂಟ್ರಲ್ ಮಾಡದೆ ಸುರಿದಿದ್ದೆ, ಟ್ಯೂಬಲ್ಲಿ ಹಾಲು ಒಡೆದ ಹಾಗೆ ಗಡ್ಡೆ ಗಡ್ಡೆ. ಎರಡನೇ ಸಲ ಗ್ಲುಟಮೇಟ್ ಚುಕ್ಕೆ ಬಂತು ಅಂತ ಕುಣಿದೆ, ನೋಡಿದ್ರೆ ಹೋಲಿಕೆಗೆ ಇಟ್ಟ ಕಂಟ್ರೋಲಲ್ಲೂ ಅಷ್ಟೇ ಗಾಢವಾಗಿದೆ, ಲಿವರ್‌ದೇ ಗ್ಲುಟಮೇಟ್ ಅದು! ಅದಕ್ಕೇ ಅಂಥ ಸಣ್ಣ ಅಣುಗಳು ಪೊರೆ ದಾಟಿ ಹೊರಗೆ ಹೋಗ್ಲಿ ಅಂತ ರಾತ್ರಿಯೆಲ್ಲ ಫ್ರಿಜ್‌ನಲ್ಲಿ ಡಯಾಲಿಸಿಸ್. ಬಫರ್ ಎಷ್ಟು ಸಲ, ಯಾವಾಗ ಬದಲಿಸ್ಬೇಕು ಅನ್ನೋದು ನನ್ನ ಗುಟ್ಟು, ಮಾಡಿ ನೋಡಿ ಗೊತ್ತಾಗುತ್ತೆ.

ಡಯಾಲಿಸಿಸ್ ಆದ್ಮೇಲೆ ಕಂಟ್ರೋಲ್ ಖಾಲಿ, ಆದ್ರೆ ಅಸಲಿ ಚುಕ್ಕೆನೂ ಮಂಕು, ಎಂಜೈಮ್‌ಗೆ ಜೊತೆಗಾರನಾಗಿರೋ ಪಿಎಲ್‌ಪಿನೂ (ಬಿ6 ವಿಟಮಿನ್ನಿನ ಕೆಲಸ ಮಾಡೋ ರೂಪ) ತೊಳೆದು ಹೋಗಿರ್ಬೇಕು. ಪಿಎಲ್‌ಪಿ ದುಬಾರಿ ಅಂತ ಮೆಡಿಕಲ್ ಶಾಪಿನ ಬಿ6 ಮಾತ್ರೆ ಪುಡಿ ಮಾಡಿ ಹಾಕಿದೆ, ಏನೂ ಆಗ್ಲಿಲ್ಲ. ಅಮೈನೋ ಗುಂಪನ್ನ ಅಲನಿನ್ನಿಂದ ಇಸ್ಕೊಂಡು ಸ್ವಲ್ಪ ಹೊತ್ತು ತನ್ನಲ್ಲೇ ಇಟ್ಕೊಂಡು ಕೀಟೋಗ್ಲುಟರೇಟ್‌ಗೆ ದಾಟಿಸೋದು ಪಿಎಲ್‌ಪಿಯ ಆಲ್ಡಿಹೈಡ್ ತುದಿ, ಮಾತ್ರೆಲಿರೋ ಪಿರಿಡಾಕ್ಸಿನ್‌ಗೆ ಅದೂ ಇಲ್ಲ ಫಾಸ್ಫೇಟೂ ಇಲ್ಲ. ಕೊನೆಗೆ ಕೈಯಿಂದ್ಲೇ ದುಡ್ಡು ಹಾಕಿ ಪಿಎಲ್‌ಪಿ ತರಿಸಿದೆ, ಎಲ್ಲಾ ಸೇರಿ 3000ದ ಹತ್ರ ಆಯ್ತು. ಬೆಳಕಿಗೆ ಹಾಳಾಗುತ್ತೆ, ಬಾಟಲಿಗೆ ಫಾಯಿಲ್ ಸುತ್ತಿಡಿ.

ಇನ್ನೊಂದು ತಲೆನೋವು ಸಾಲ್ವೆಂಟ್, ಅಂದ್ರೆ ಪೇಪರ್ ಮೇಲೆ ಚುಕ್ಕೆಗಳನ್ನ ಓಡಿಸೋ ದ್ರವ. ಬ್ಯುಟನಾಲ್-ಅಸಿಟಿಕ್ ಆಸಿಡಲ್ಲಿ ಅಲನಿನ್ನೂ ಗ್ಲುಟಮೇಟೂ ಅಕ್ಕಪಕ್ಕ ಓಡಿ ಅಂಟ್ಕೊಳ್ತವೆ, ಮೂರು ವಾರ ಅದರಲ್ಲೇ ಹೋಯ್ತು. ನೀರು ಬೆರೆಸಿದ ಫೀನಾಲಲ್ಲಿ ಅಲನಿನ್ ಮುಂದೆ, ಗ್ಲುಟಮೇಟ್ ಎಷ್ಟೋ ಹಿಂದೆ. ಗ್ಲೌಸ್ ಬೇಕೇ ಬೇಕು, ನನ್ನ ಮಣಿಕಟ್ಟಲ್ಲಿ ಸುಟ್ಟ ಬಿಳಿ ಕಲೆ ಇನ್ನೂ ಇದೆ. ಫ್ಯೂಮ್ ಹುಡ್‌ನಲ್ಲಿ ಚೆನ್ನಾಗಿ ಒಣಗಿಸದೆ ನಿನ್‌ಹೈಡ್ರಿನ್ (ಅಮೈನೋ ಆಸಿಡ್ ಚುಕ್ಕೆಗೆ ನೇರಳೆ ಬಣ್ಣ ಬರಿಸೋ ದ್ರಾವಣ) ಹೊಡೀಬೇಡಿ.

ಮಧ್ಯೆ ಮೊಳಕೆ ಹೆಸರುಕಾಳಲ್ಲೂ ನೋಡಿದೆ, ಅದರಲ್ಲಿ ಮೊದಲೇ ಇರೋ ಅಮೈನೋ ಆಸಿಡ್‌ಗಳೇ ಉದ್ದಕ್ಕೂ ಬಳ್ಕೊಂಡ್ವು, ಬಿಟ್ಟೆ.

ಏಳನೇ ಸಲ ಪಿಎಲ್‌ಪಿ ಹಾಕಿದ ಸಾಲಲ್ಲಿ ಮಾತ್ರ ದಟ್ಟ ನೇರಳೆ ಚುಕ್ಕೆ. ಪೇಪರ್ ನನ್ನ ಟೇಬಲ್ ಗಾಜಿನ ಕೆಳಗಿದೆ, ಬಣ್ಣ ಸ್ವಲ್ಪ ಮಾಸಿದೆ ಅಷ್ಟೆ, ಬೋರ್ಡ್ ಮೇಲೆ ಬರೀರಿ ಅಂದವರೇ ಬಂದು ಫೋಟೋ ತಕ್ಕೊಂಡು ಹೋದ್ರು.